ಸ್ವಲ್ಪ ಜೋರಾಗಿ ಹೇಳಿ

ಬಟ್ಟೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಥಾನು ಬಿಚ್ಚಿ, ಅಳೆದು, ಕತ್ತರಿಯ ಬಾಯನ್ನು ಅರ್ಧ ತೆರೆದು ಹಿಡಿದಳೆಂದರೆ ಬಟ್ಟೆ ಈ ಅಂಚಿನಿಂದ ಆ ಅಂಚಿಗೆ ಸರ್ರನೆ ಸೀಳಿಕೊಂಡು ಹೋಗುತ್ತಿತ್ತು, ಗೆರೆ ಎಳೆದ ಹಾಗೆ. ಅವಳ ಮಾತೂ ಹಾಗೇ. "ಈ ಬಣ್ಣ ನಿಮಗೆ ಒಪ್ಪಲ್ಲ, ಬೇರೆ ನೋಡಿ" ಅಂತ ಗಿರಾಕಿಗಳ ಮುಖಕ್ಕೇ ಹೇಳಿಬಿಡುತ್ತಿದ್ದಳು. ಮಾಲೀಕ ಒಳಗೊಳಗೇ ಹಲ್ಲು ಕಡಿಯುತ್ತಿದ್ದ. ಗಿರಾಕಿಗಳು ಮಾತ್ರ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಒಂದು ಬೆಳಿಗ್ಗೆ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಅವಳು ಕೆಲಸಕ್ಕೆ ಹೋಗುತ್ತಿದ್ದಾಗ, ಬ್ರೆಡ್ಡಿನ ಟ್ರೇಗಳನ್ನು ಇಳಿಸಿ ಮುಗಿಸಿದ ಬೇಕರಿ ವ್ಯಾನೊಂದು ಹಿಂದೆ ಮುಂದೆ ನೋಡದೆ ರಿವರ್ಸ್ ಬಂತು. ಗೋಡೆಗೂ ವ್ಯಾನಿಗೂ ನಡುವೆ ಅವಳು ಸಿಕ್ಕಿಕೊಂಡಳು. ತಾನು ಕೂಗಿಕೊಂಡಿದ್ದು ಅವಳಿಗೆ ನೆನಪಿಲ್ಲ. ಬಿಸಿ ಬ್ರೆಡ್ಡಿನ ವಾಸನೆ ಮೂಗಿಗೆ ಬಡಿದಿದ್ದಷ್ಟೇ ನೆನಪು.

ಬಲಗಾಲಿನ ಮೂಳೆ ಮುರಿದಿತ್ತು. ಸೊಂಟದ ಕೆಳಗಿನ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಅಲುಗಾಡದೆ ಮಲಗಿದ್ದಷ್ಟು ದಿನ ಮೂತ್ರಕ್ಕೆ ಪೈಪು ಹಾಕಿದ್ದರು. ಅದನ್ನು ತೆಗೆದ ಮಾರನೆಯ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು, ಹಿಂದೆ ಕಲಿಯುವ ಹುಡುಗರ ಗುಂಪು. ತಲೆಯ ಹತ್ತಿರ ಗಂಡ ನಿಂತಿದ್ದ, ಕಿಟಕಿಯ ಹತ್ತಿರ ಮೈದುನ.

"ಒಂದಕ್ಕೆ ಸರಿಯಾಗಿ ಹೋಗ್ತಿದೆಯೇನಮ್ಮಾ? ತಡ್ಕೊಳ್ಳೋಕೆ ಆಗತ್ತಾ?" ಅಂತ ಡಾಕ್ಟರು ಕೇಳಿದರು.

ಅಷ್ಟು ಹೊತ್ತಿಗಾಗಲೇ ಅವಳ ಕೆಳಗಿನ ಹಾಸಿಗೆ ಒದ್ದೆಯಾಗಿತ್ತು. ಮೈದುನ ಮರ್ಯಾದೆಗೆ ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದ. ಅವನು ಹಾಗೆ ತಿರುಗಿಕೊಂಡಿದ್ದೇ ಅವಳ ಬಾಯಿ ಕಟ್ಟಿಹಾಕಿತು.

"ಸರಿಯಾಗಿದೆ" ಅಂದಳು.

ಹುಡುಗರಲ್ಲೊಬ್ಬ ಅದನ್ನು ಬರೆದುಕೊಂಡ. ಗುಂಪು ಪಕ್ಕದ ಮಂಚಕ್ಕೆ ಸರಿಯಿತು. ಪೈಪು ತೆಗೆದ ಮೊದಲ ದಿನ ಹೀಗೆಲ್ಲ ಆಗೋದು ಸಹಜ, ಇನ್ನೆರಡು ದಿನದಲ್ಲಿ ತಾನೇ ಸರಿಹೋಗತ್ತೆ ಅಂತ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕಾಲು ಸರಿಹೋಯಿತು. ಊರುಗೋಲು ಬಾಗಿಲ ಹಿಂದೆ ಸೇರಿತು. ಅದು ಮಾತ್ರ ಸರಿಹೋಗಲಿಲ್ಲ. ಕೆಮ್ಮಿದರೆ, ಸೀನಿದರೆ, ಬಕೆಟ್ ಎತ್ತಿದರೆ ಸಾಕು. ಕೆಲವು ಸಲ ಏನೂ ಮಾಡದೆ ಸುಮ್ಮನೆ ನಿಂತಿದ್ದಾಗಲೂ. ಹಳೆಯ ಬಟ್ಟೆಗಳನ್ನು ಹರಿದು, ಮಡಿಸಿ ಇಟ್ಟುಕೊಳ್ಳುವುದನ್ನು ಕಲಿತಳು. ಎಲ್ಲರೂ ಏಳುವ ಮುಂಚೆ ಒಗೆದು, ಹಿತ್ತಲಲ್ಲಿ ದೊಡ್ಡ ಬಟ್ಟೆಗಳ ಮರೆಯಲ್ಲಿ ಒಣಹಾಕುವುದನ್ನು ಕಲಿತಳು. ಕೊನೆಗೊಂದು ದಿನ ತನ್ನ ಹಾಸಿಗೆಯನ್ನು ಅತ್ತೆಯ ಕೋಣೆಗೆ ಹಾಕಿಕೊಂಡಳು.

"ಕಾಲು ನೋವು. ನಿದ್ದೇಲಿ ನಿಮ್ಮ ಕಾಲು ತಗುಲಿದ್ರೆ ಜೀವ ಹೋಗತ್ತೆ" ಅಂತ ಗಂಡನಿಗೆ ಹೇಳಿದಳು.

ಗಂಡ ಬಡಗಿ. ಮಾತು ಕಮ್ಮಿ, ಕೆಲಸ ಜಾಸ್ತಿ. ಮಲಗಿದರೆ ಮರದ ಹಲಗೆಯ ಹಾಗೆ, ಬೆಳಗಿನವರೆಗೂ ಮಗ್ಗುಲು ಬದಲಾಯಿಸದ ಆಸಾಮಿ. ಅವಳನ್ನು ಒಂದು ಗಳಿಗೆ ನೋಡಿ, "ಸರಿ" ಅಂದ. ಅಷ್ಟೇ.

ಅಂಗಡಿಗೆ ಒಮ್ಮೆ ಹೋಗಿ ನೋಡಿದಳು. ಮಧ್ಯಾಹ್ನದವರೆಗೂ ಹೇಗೋ ನಡೆಯಿತು. ಆಮೇಲೆ ಒಬ್ಬ ತಾಯಿ, ಮಗಳು ಪರದೆ ಬಟ್ಟೆಗೆ ಬಂದರು. ಅವರಿಗೆ ಮೇಲಿನ ಸಾಲಿನ ಥಾನೇ ಬೇಕಾಗಿತ್ತು. ಸ್ಟೂಲ್ ಹತ್ತಿ, ಎರಡೂ ಕೈ ಚಾಚಿ ಆ ಥಾನನ್ನು ಎಳೆದ ಹೊತ್ತಿಗೆ ಬೆಚ್ಚಗೆ ಏನೋ ತೊಡೆಯಿಂದ ಪಾದದವರೆಗೂ ಇಳಿಯಿತು. ಕೆಳಗೆ ನಿಂತಿದ್ದ ಮಗಳು ಮೊದಲು ಸ್ಟೂಲ್ ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು. ಕತ್ತರಿ ಅಕ್ಕ ಥಾನನ್ನು ಎದೆಗವಚಿಕೊಂಡು ಇಳಿದು, ಹಿಂದಿನ ಕೋಣೆಗೆ ಹೋಗಿ, ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು, ಮಾಲೀಕನಿಗೆ "ಕಾಲು ತಡೀತಿಲ್ಲ, ಬರ್ತೀನಿ" ಅಂದಳು. ಹಿಂದಿನ ಬಾಗಿಲು ದಾಟುತ್ತಿದ್ದಾಗ, "ಯಾರ್ರೀ ಇಲ್ಲಿ ನೀರು ಚೆಲ್ಲಿದ್ದು?" ಅಂತ ಯಾರೋ ಕೂಗಿದ್ದು ಕೇಳಿಸಿತು. ಮತ್ತೆ ಅವಳು ಆ ಕಡೆ ತಲೆ ಹಾಕಲಿಲ್ಲ.

ಪರಿಹಾರಕ್ಕೆ ಕೇಸು ಹಾಕೋಣ ಅಂದವನು ಗಂಡ. ಅಪಘಾತದ ಕೇಸುಗಳಲ್ಲಿ ಪಳಗಿದ ಒಬ್ಬ ವಯಸ್ಸಾದ ವಕೀಲರಿದ್ದರು. ಅವರ ಮನೆಯ ಕಿಟಕಿಗಳನ್ನು ಮಾಡಿಕೊಟ್ಟವನು ಇವನೇ. ವಕೀಲರಿಗೆ ಕಿವಿ ಮಂದ. ಕಿವಿಗೆ ಹಾಕುವ ಯಂತ್ರ ಇತ್ತು, ಆದರೆ ಅದು ಸದಾ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು. "ಅದನ್ನ ಹಾಕ್ಕೊಂಡ್ರೆ ಎದುರು ಪಕ್ಷದ ವಕೀಲ ಹೇಳೋದೂ ಕೇಳಿಸಿಬಿಡತ್ತೆ" ಅಂತ ನಗುತ್ತಿದ್ದರು. ಮೊದಲ ಸಲ ಹೋದಾಗ ಮಾತಾಡಿದ್ದೆಲ್ಲ ಗಂಡನೇ. ಕಾಲು ಮುರಿದಿದ್ದು, ಕೆಲಸ ಹೋಗಿದ್ದು, ಇನ್ನೂ ನೋವಿರೋದು. ಪ್ರತಿ ಮಾತಿಗೂ ಅವಳು ತಲೆಯಾಡಿಸಿದಳು. ಹಾಗೆಯೇ ಕೇಸು ದಾಖಲಾಯಿತು.

ಕೆಲವು ತಿಂಗಳಾದ ಮೇಲೆ ವ್ಯಾನಿನ ವಿಮಾ ಕಂಪನಿಯ ಉತ್ತರ ಬಂತು. ಅದರ ಜೊತೆ ಫೋಟೋಗಳು. ಅವಳು ಮಾರುಕಟ್ಟೆಯಲ್ಲಿ ನಡೆಯುತ್ತಿದ್ದಾಗ ಯಾರೋ ದೂರದಿಂದ ತೆಗೆದಿದ್ದರು. ಕುಂಟು ಇಲ್ಲ, ಕೋಲು ಇಲ್ಲ, ಕೈಯಲ್ಲಿ ಉಬ್ಬಿದ ಚೀಲ. ಕಾಲು ಪೂರ್ತಿ ಕೂಡಿಕೊಂಡಿದೆ ಅಂತ ಅವರ ಡಾಕ್ಟರ ಮಾತೂ ಇತ್ತು. ಒಂದು ಲಕ್ಷ ಕೊಡ್ತೀವಿ, ಮುಗಿಸಿಕೊಳ್ಳಿ, ಇಲ್ಲದಿದ್ರೆ ಸುಳ್ಳು ಕೇಸು ಅಂತ ಸಾಬೀತು ಮಾಡ್ತೀವಿ ಅನ್ನುವುದು ಅದರ ಸಾರಾಂಶ.

ಗಂಡ ಆ ಫೋಟೋಗಳನ್ನು ಊಟದ ಮೇಜಿನ ಮೇಲೆ ಇಟ್ಟು ಎದುರಿಗೆ ಕೂತ. ಅವನ ಕಿವಿಗಳು ಕೆಂಪಾಗಿದ್ದವು.

"ಗಿರಾಕಿಗೆ ಹುಳ ಹಿಡಿದ ಮರ ಹಾಕಿ ಕೊಟ್ಟವನಲ್ಲ ನಾನು. ಈಗ ಆ ವಕೀಲರ ಮುಂದೆ ಹೇಗೆ ನಿಂತ್ಕೊಳ್ಳಲಿ? ಸುಳ್ಳು ಹೇಳಿ ದುಡ್ಡು ಕೀಳೋಕೆ ಹೊರಟವರು ಅಂತ ಆಯ್ತಲ್ಲ!"

"ಸುಳ್ಳಲ್ಲ."

"ಹಾಗಾದ್ರೆ ಕಾಲು ನೋಯತ್ತಾ?"

ಅವಳು ಫೋಟೋಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

"ನಿನ್ನನ್ನೇ ಕೇಳ್ತಿರೋದು. ನೋಯತ್ತಾ, ಇಲ್ವಾ?"

"ಇಲ್ಲ" ಅಂದಳು. ಅವನು ಎದ್ದು ಹೊರಗೆ ಹೋದ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದ.

ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಅವಳು ಸುಮ್ಮನೆ ಕೂತಿದ್ದಾಗ ಅತ್ತೆ ಗೋಡೆ ಹಿಡಿದುಕೊಂಡು ಬಂದಳು. ಅತ್ತೆಗೆ ಕಣ್ಣು ಮಂಜು, ನಾಲಿಗೆ ಚುರುಕು. ಮೆಟ್ಟಿಲ ಮೇಲೆ ಮೆಲ್ಲಗೆ ಕೂತು, ಉಸಿರು ತಗೊಂಡು, ಪೀಠಿಕೆಯೇ ಇಲ್ಲದೆ ಶುರುಮಾಡಿದಳು.

"ಕಣ್ಣು ಹೋಗಿದೆ ಕಣೇ, ಮೂಗು ಹೋಗಿಲ್ಲ. ಒಂದೇ ಕೋಣೇಲಿ ಮಲಗ್ತೀವಿ. ನನಗೆ ಗೊತ್ತಿಲ್ವಾ?"

ಅವಳ ಮೈಯೆಲ್ಲ ಬಿಸಿಯಾಯಿತು. ಅತ್ತೆಗೆ ಎಂದಿನಿಂದ ಗೊತ್ತು, ಯಾರ ಹತ್ತಿರ ಹೇಳಿರಬಹುದು ಅಂತೆಲ್ಲ ಒಂದೇ ಉಸಿರಿಗೆ ಯೋಚನೆ ಓಡಿತು.

"ಯಾರಿಗೂ ಹೇಳಿಲ್ಲ. ನೀನಾಗಿ ಹೇಳ್ತೀಯ ಅಂತ ಕಾಯ್ತಿದ್ದೆ" ಅಂದಳು ಅತ್ತೆ. "ವಯಸ್ಸಾದವಳು ನಾನು, ನನಗೆ ಕೆಮ್ಮಿದ್ರೆ ಆಗತ್ತೆ. ನಿನಗ್ಯಾಕೆ ಆಗಬೇಕು? ಆ ವ್ಯಾನು ಗುದ್ದಿದ್ದಕ್ಕೇ ತಾನೇ? ವಕೀಲನಿಗೆ ಹೇಳು."

"ಗಂಡಸು, ಅತ್ತೆ."

"ಗಂಡಸಾದ್ರೇನು, ಅವನಿಗೇನು ಬರಲ್ವಾ?"

ಅವಳಿಗೆ ನಗು ಬಂತು. ನಕ್ಕಳು. ನಕ್ಕಿದ್ದಕ್ಕೆ ಆಗಬಾರದ್ದು ಆಯಿತು. ಅಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅತ್ತೆ ಬೇರೆ ಕಡೆ ನೋಡುತ್ತಾ, ಏನೂ ಗೊತ್ತಾಗದವಳ ಹಾಗೆ ತನ್ನ ಬಳೆ ತಿರುಗಿಸುತ್ತಾ ಕೂತಿದ್ದಳು.

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ವಕೀಲರ ಆಫೀಸಿಗೆ ಹೋದರು. ಆಫೀಸು ಎರಡನೆಯ ಮಹಡಿಯಲ್ಲಿ, ಒಂದೇ ಕೋಣೆಯನ್ನು ಪ್ಲೈವುಡ್ ಹಲಗೆಯಿಂದ ಎರಡು ಮಾಡಿದ್ದು. ಹೊರಗಿನ ಭಾಗದಲ್ಲಿ ಉದ್ದದ ಬೆಂಚು, ಅದರ ಮೇಲೆ ಕಾಯುವ ಜನ. ಅವಳು ಗಂಡನಿಗೆ, "ನೀವು ಇಲ್ಲೇ ಇರಿ, ನಾನೊಬ್ಬಳೇ ಮಾತಾಡ್ತೀನಿ" ಅಂದಳು. ಅವನ ಮುಖ ಬಿಳಿಚಿಕೊಂಡಿತು. ಕೇಸೆಲ್ಲ ಸುಳ್ಳು ಅಂತ ಒಪ್ಪಿಕೊಳ್ಳೋಕೆ ಹೋಗ್ತಿದ್ದಾಳೆ ಅಂದುಕೊಂಡನೇನೋ. ಬೆಂಚಿನ ತುದಿಯಲ್ಲಿ ಕೂತ.

ವಕೀಲರು ಫೈಲು ಬಿಡಿಸಿಟ್ಟುಕೊಂಡೇ ಕೂತಿದ್ದರು. "ಬನ್ನಿ ಅಮ್ಮಾ. ಫೋಟೋ ನೋಡಿದ್ರಲ್ಲ? ಈಗ ನೀವೇ ಹೇಳಿ, ಕಾಲು ಚೆನ್ನಾಗಿದೆ. ಮತ್ತೆ ಕೆಲಸಕ್ಕೆ ಯಾಕೆ ಹೋಗ್ತಿಲ್ಲ?"

ಅವಳು ಮೇಜಿನ ಅಂಚು ಹಿಡಿದುಕೊಂಡು, ತಲೆ ತಗ್ಗಿಸಿ, ಪಿಸುಗುಟ್ಟಿದಳು. "ನನಗೆ... ಒಂದಕ್ಕೆ ತಡೆಯೋಕೆ ಆಗಲ್ಲ ಸಾರ್."

ವಕೀಲರು ಕಿವಿಯ ಹಿಂದೆ ಕೈ ಇಟ್ಟುಕೊಂಡರು. "ಏನು? ಸ್ವಲ್ಪ ಜೋರಾಗಿ ಹೇಳಿ."

"ಒಂದಕ್ಕೆ ಆಗಲ್ಲ..."

"ಒಂದಕ್ಕೆ ಆಗಲ್ಲ! ಸರಿ, ನಾನೂ ಅದೇ ಅಂದ್ಕೊಂಡೆ. ಒಂದು ಲಕ್ಷ ಯಾವ ಮೂಲೆಗೆ? ಎರಡಕ್ಕಾದ್ರೆ ಒಪ್ಕೊಳ್ಳೋಣ. ಏನಂತೀರಿ, ಎರಡಕ್ಕೆ ಆಗತ್ತಾ?"

ಹಲಗೆಯಾಚೆ ಯಾರೋ ಮೂಗಿನಲ್ಲಿ ಪುಸಕ್ಕೆಂದರು. ಅದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅಂದರೆ ತಾನು ಹೇಳುವುದೂ ಆಚೆಗೆ ಕೇಳಿಸುತ್ತದೆ. ಎದ್ದು ಹೋಗಿಬಿಡಲೇ ಅನ್ನಿಸಿತು. ಹೋದರೆ ಸುಳ್ಳಿ ಅನ್ನಿಸಿಕೊಳ್ಳಬೇಕು. ಇದ್ದರೆ ಇದು. ವಕೀಲರು ಕೈಯನ್ನು ಇನ್ನೂ ಕಿವಿಯ ಹಿಂದೆಯೇ ಇಟ್ಟುಕೊಂಡು, ಒಳ್ಳೆಯ ಮನಸ್ಸಿನಿಂದ ಮುಗುಳ್ನಗುತ್ತಾ ಅವಳ ಕಡೆ ಬಗ್ಗಿದ್ದರು.

"ಉಚ್ಚೆ, ಸಾರ್!" ಅಂದಳು. ಗಂಟಲು ಹರಿದುಬಂದ ಹಾಗೆ. "ಉಚ್ಚೆ ನಿಲ್ಲಲ್ಲ ನನಗೆ! ಆ ವ್ಯಾನು ಗುದ್ದಿದಾಗಿನಿಂದ ನಿಲ್ಲಲ್ಲ! ನಿಂತಲ್ಲಿ, ಕೂತಲ್ಲಿ ಹೋಗಿಬಿಡತ್ತೆ. ಅಂಗಡೀಲಿ ಗಿರಾಕಿಗಳ ಮುಂದೆ ಹೋಯ್ತು. ಅದಕ್ಕೇ ಕೆಲಸ ಬಿಟ್ಟೆ!"

ವಕೀಲರ ನಗು ಮೆಲ್ಲಗೆ ಇಳಿಯಿತು. ಕಿವಿಯಿಂದ ಕೈ ತೆಗೆದರು. ಅವರಿಗೂ ಒಂದು ಕ್ಷಣ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಡ್ರಾಯರ್ ಎಳೆದು ಯಂತ್ರ ತೆಗೆದು, ತಡವರಿಸುತ್ತಾ ಕಿವಿಗೆ ಸಿಕ್ಕಿಸಿಕೊಂಡರು. ಅದು ಕುಯ್ ಅಂದು ಸುಮ್ಮನಾಯಿತು.

"ನನ್ನದೇ ತಪ್ಪು" ಅಂದರು ತಗ್ಗಿದ ದನಿಯಲ್ಲಿ. "ಈಗ ನಿಧಾನಕ್ಕೆ ಹೇಳಿ. ಕೇಳಿಸತ್ತೆ."

ಅವಳು ಹೇಳಿದಳು. ಆಸ್ಪತ್ರೆಯ ಬೆಳಗಿನ ಮಾತೂ ಬಂತು. ವಕೀಲರು ಫೈಲಿನ ಹಾಳೆ ತಿರುವಿ, "ಇಲ್ಲಿ ಸರಿಯಾಗಿದೆ ಅಂತ ಬರೆದಿದ್ದಾರೆ. ಅವರು ಇದನ್ನೇ ಹಿಡ್ಕೊಂಡು ಎಳೀತಾರೆ. ಒಬ್ಬ ಲೇಡಿ ಡಾಕ್ಟರಿಗೆ ಕಾಗದ ಕೊಡ್ತೀನಿ, ತೋರಿಸಿ. ಆಮೇಲೆ ಕೋರ್ಟಿನಲ್ಲಿ ನೀವೇ ಹೇಳಬೇಕಾಗತ್ತೆ" ಅಂದರು.

"ಮತ್ತೆ ಹೇಳಬೇಕಾ?"

"ಹೇಳಬೇಕು. ಇಷ್ಟು ಜೋರಾಗಿ ಬೇಡ."

ಹೊರಗೆ ಬಂದಾಗ ಬೆಂಚಿನ ಮೇಲಿದ್ದವರೆಲ್ಲ ತಮ್ಮ ತಮ್ಮ ಚಪ್ಪಲಿಗಳನ್ನು ನೋಡಿಕೊಳ್ಳುತ್ತಿದ್ದರು. ಗಂಡ ಇರಲಿಲ್ಲ. ಕೆಳಗೆ ರಸ್ತೆಯಲ್ಲಿ, ಲೈಟುಕಂಬಕ್ಕೆ ಒರಗಿ ನಿಂತಿದ್ದ. ಇವಳನ್ನು ಕಂಡು ನಾಲ್ಕು ಹೆಜ್ಜೆ ಮುಂದೆ ಬಂದ, ನಿಂತ. ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು.

"ಕೇಳಿಸ್ತಾ?" ಅಂದಳು.

"ಕೆಳಗಿನ ಅಂಗಡಿಯವರಿಗೂ ಕೇಳಿಸಿರಬೇಕು" ಅಂದವನು, ಹಾಗೆ ಅನ್ನಬಾರದಿತ್ತು ಅಂತ ನಾಲಿಗೆ ಕಚ್ಚಿಕೊಂಡ. ಆಮೇಲೆ, "ತಮ್ಮನ ಹತ್ರ ಅಂದಿದ್ದೆ. ಅವಳಿಗೆ ದುಡಿಯೋಕೆ ಮನಸ್ಸಿಲ್ಲ, ನಾಟಕ ಮಾಡ್ತಿದ್ದಾಳೆ ಅಂತ" ಅಂದ.

"ಗೊತ್ತು. ಅವನ ಹೆಂಡತಿ ಹೇಳಿದ್ಲು."

ಅವನು ಮುಖ ಒರೆಸಿಕೊಂಡ. "ನೀನು ಹಾಸಿಗೆ ಬೇರೆ ಹಾಕ್ಕೊಂಡಿದ್ದು ನನ್ನ ಮೇಲೆ ಬೇಜಾರಿಗೆ ಅಂದ್ಕೊಂಡಿದ್ದೆ. ನನ್ನತ್ರ ಒಂದು ಮಾತು ಹೇಳಬಾರದಿತ್ತಾ?"

"ನೀವು ಬೈದಿದ್ರೆ ಹೇಗೋ ತಡ್ಕೊಳ್ತಿದ್ದೆ. ನೀವು ಬೈಯಲ್ಲ. ಏನೂ ಅನ್ನದೆ ಎದ್ದು ಬೇರೆ ಬಟ್ಟೆ ಹಾಸಿ ಮಲಗ್ತಿದ್ರಿ. ಅದನ್ನ ದಿನಾ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ಬಸ್ಸು ಬಂತು. ಅವನು ಹತ್ತಿ, ಖಾಲಿ ಸೀಟು ಹಿಡಿದು, ಅವಳಿಗೆ ಜಾಗ ಬಿಟ್ಟ. ಅವಳು ನಿಂತೇ ಇದ್ದಳು. ಸೀಟು ಒದ್ದೆಯಾದರೆ ಅನ್ನುವ ಭಯ. ಅವನಿಗೆ ಅದು ಅರ್ಥವಾಗುವ ಹೊತ್ತಿಗೆ ಎರಡು ಸ್ಟಾಪು ಕಳೆದಿತ್ತು. ಆಮೇಲೆ ಅವನೂ ಎದ್ದು ನಿಂತ.

ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಮೂಳೆ ಬಿರುಕು ಬಿಟ್ಟಾಗ ಒಳಗಿನ ನರ, ಸ್ನಾಯುಗಳಿಗೆ ಪೆಟ್ಟು ಬಿದ್ದಿದೆ, ವ್ಯಾಯಾಮ, ಔಷಧಿಯಿಂದ ಬಹಳಷ್ಟು ಸರಿಹೋಗಬಹುದು ಅಂದರು. "ಮೊದಲೇ ಬಂದಿದ್ರೆ ಇನ್ನೂ ಸುಲಭ ಇತ್ತು. ಯಾಕಮ್ಮಾ ಬರಲಿಲ್ಲ?" ಅಂತ ಕೇಳಿದರು. ಅವಳು ನೆಲದ ಟೈಲ್ಸು ನೋಡುತ್ತಾ ನಿಂತಳು.

ಕೋರ್ಟಿನ ದಿನ ಬಂತು. ಸಣ್ಣ ಹಾಲು, ತಿರುಗಿದಾಗೆಲ್ಲ ಟಕಟಕ ಅನ್ನುವ ಫ್ಯಾನು, ಬೇರೆ ಬೇರೆ ಕೇಸುಗಳಿಗೆ ಬಂದ ಜನ. ಹಿಂದಿನ ಸಾಲಿನಲ್ಲಿ ವ್ಯಾನಿನ ಡ್ರೈವರ್ ಕೂತಿದ್ದ. ಅವನನ್ನು ಅವಳು ಸರಿಯಾಗಿ ನೋಡಿದ್ದು ಅವತ್ತೇ. ಬೋಳುತಲೆಯ, ಅವಳ ಗಂಡನಷ್ಟೇ ವಯಸ್ಸಿನ ಮನುಷ್ಯ.

ತಮ್ಮ ವಕೀಲರು ಕೇಳಿದ್ದಕ್ಕೆ ಅವಳು ಹೇಗೋ ಉತ್ತರ ಕೊಟ್ಟಳು. ಆಮೇಲೆ ವಿಮಾ ಕಂಪನಿಯ ವಕೀಲ ಎದ್ದ. ತುಂಬ ಮರ್ಯಾದಸ್ಥ. ಆ ಮರ್ಯಾದೆಯೇ ಅವಳಿಗೆ ಮುಳ್ಳಾಗಿತ್ತು.

"ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಸರಿಯಾಗಿದೆ ಅಂತ ನೀವೇ ಹೇಳಿದ್ದೀರಿ, ಅಲ್ವಾ? ಹಾಗಾದ್ರೆ ಈ ತೊಂದರೆ ಶುರುವಾಗಿದ್ದು ನಮ್ಮ ಫೋಟೋಗಳನ್ನ ನೋಡಿದ ಮೇಲೆ ಅನ್ನೋಣವಾ?"

ಯಾರೋ ನಕ್ಕರು.

"ಆವತ್ತು ಮಂಚದ ಸುತ್ತ ಗಂಡಸರು ನಿಂತಿದ್ರು. ಮೈದುನನೂ ಇದ್ದ. ನಾಚಿಕೆಯಾಗಿ ಸುಳ್ಳು ಹೇಳಿದೆ" ಅಂದಳು. "ಇವತ್ತು ಆವತ್ತಿಗಿಂತ ಜಾಸ್ತಿ ಜನ ಇದ್ದಾರೆ. ದುಡ್ಡಿಗೋಸ್ಕರ ಇಂಥಾದ್ದನ್ನ ಕಟ್ಟಿ ಹೇಳೋದಾಗಿದ್ರೆ, ಇದಕ್ಕಿಂತ ಮರ್ಯಾದೆಯ ಸುಳ್ಳು ಹುಡುಕ್ತಿದ್ದೆ ಸಾರ್."

ವಕೀಲ ಫೋಟೋ ಎತ್ತಿ ಹಿಡಿದ. "ಇಷ್ಟು ಭಾರದ ಚೀಲ ಹೊತ್ತು ಆರಾಮಾಗಿ ನಡೀತಿದ್ದೀರಲ್ಲ?"

"ಭಾರ ಇಲ್ಲ ಅದರಲ್ಲಿ."

"ಮತ್ತೇನಿದೆ?"

ಅವಳು ನ್ಯಾಯಾಧೀಶರ ಕಡೆ ನೋಡಿದಳು. ಅವರು ಬರೆಯುವುದನ್ನು ನಿಲ್ಲಿಸಿ ಕಾಯುತ್ತಿದ್ದರು.

"ಒಣ ಬಟ್ಟೆ" ಅಂದಳು. "ಬದಲಾಯಿಸ್ಕೊಳ್ಳೋಕೆ. ಎಲ್ಲಿಗೆ ಹೋದ್ರೂ ತಗೊಂಡು ಹೋಗ್ತೀನಿ. ಈಗಲೂ ತಂದಿದ್ದೀನಿ."

ಆಮೇಲೆ ಯಾರೂ ನಗಲಿಲ್ಲ. ವಕೀಲ ಇನ್ನೊಂದೆರಡು ಪ್ರಶ್ನೆ ಕೇಳಿ ಕೂತ. ಕಟಕಟೆಯಿಂದ ಇಳಿದು ಬರುವಾಗ ಗೆದ್ದೆ ಅಂತೇನೂ ಅವಳಿಗೆ ಅನ್ನಿಸಲಿಲ್ಲ. ಇಷ್ಟು ಕಣ್ಣುಗಳ ಮುಂದೆ ಬಟ್ಟೆ ಬಿಚ್ಚಿ ನಿಂತು ಬಂದ ಹಾಗಿತ್ತು. ಮನೆಗೆ ಹೋಗಿ ಅತ್ತೆಯ ಮಂಚದ ಪಕ್ಕ ಮಲಗಿದವಳು ಊಟಕ್ಕೂ ಏಳಲಿಲ್ಲ.

ತೀರ್ಪಿಗೆ ಕರೆದಾಗ ಮಳೆಗಾಲ ಕಳೆದಿತ್ತು. ಅಷ್ಟರಲ್ಲಿ ಡಾಕ್ಟರು ಹೇಳಿಕೊಟ್ಟ ವ್ಯಾಯಾಮದಿಂದ ಅರ್ಧಕ್ಕರ್ಧ ಸರಿಹೋಗಿತ್ತು. ಕೆಮ್ಮಿದರೆ ತಡೆಯುತ್ತಿತ್ತು, ನಕ್ಕರೆ ತಡೆಯುತ್ತಿರಲಿಲ್ಲ. ಹಾಸಿಗೆ ಮತ್ತೆ ಗಂಡನ ಕೋಣೆಗೆ ಬಂದಿತ್ತು. ಕೆಳಗೆ ಹಾಸೋಕೆ ಒಂದು ದಪ್ಪ ರಬ್ಬರ್ ಹಾಳೆಯನ್ನು ಅವನೇ ತಂದು, ಯಾರೂ ಇಲ್ಲದಾಗ ಹಾಸಿ, ಅದರ ವಿಷಯ ಮಾತೇ ಎತ್ತಿರಲಿಲ್ಲ. ಕೂತು ಮಾಡುವ ಕೆಲಸ ಕೊಡ್ತೀನಿ ಬಾ ಅಂತ ಮಾಲೀಕ ಹೇಳಿಕಳಿಸಿದ್ದ. ಆ ಸ್ಟೂಲಿನ ಮುಖ ಮತ್ತೆ ನೋಡುವ ಧೈರ್ಯ ಅವಳಿಗಿನ್ನೂ ಬಂದಿರಲಿಲ್ಲ.

ತೀರ್ಪು ಅವಳ ಕಡೆಗಾಯಿತು. ಚಿಕಿತ್ಸೆಯ ಖರ್ಚು, ಹೋದ ಸಂಬಳ ಎರಡನ್ನೂ ಕಂಪನಿ ಕೊಡಬೇಕು. ಆಕೆಯ ಮಾತನ್ನು ನಂಬದಿರಲು ಕಾರಣವಿಲ್ಲ ಅಂತ ನ್ಯಾಯಾಧೀಶರು ಬರೆದಿದ್ದಾರೆ ಅಂದರು ವಕೀಲರು. ಯಂತ್ರ ಕಿವಿಯಲ್ಲೇ ಇತ್ತು.

ಮೊಗಸಾಲೆಯಲ್ಲಿ ವ್ಯಾನಿನ ಡ್ರೈವರ್ ಎದುರಾದ. ಗಂಡನ ಕೈ ಮುಷ್ಟಿಯಾಯಿತು. ಡ್ರೈವರ್ ತನ್ನ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. ಅವನ ಕಣ್ಣು ಅವಳ ಪಾದದಿಂದ ಮೇಲಕ್ಕೇರಲಿಲ್ಲ.

"ಅಕ್ಕಾ, ಕಾಲು ಮುರೀತು, ಕೂಡ್ಕೊಳ್ತು ಅಂತ ತಿಳ್ಕೊಂಡಿದ್ದೆ. ಆವತ್ತು ನೀವು ಹೇಳಿದ್ದು ಕೇಳಿ ಮನೇಲಿ ಊಟ ಸೇರಲಿಲ್ಲ. ನನಗೆ..."

ಇವನೊಬ್ಬನಿಗೆ ಗೊತ್ತಾಗದೆ ಇದ್ದಿದ್ದರೆ ಸಾಕಿತ್ತು ಅಂತ ಅವಳಿಗೆ ಅನ್ನಿಸಿತು. ಅವನಿಗೂ ಹಾಗೇ ಅನ್ನಿಸಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನಿಂತರು.

"ಹಿಂದೆ ನೋಡ್ಕೊಂಡು ತೆಗಿಯಪ್ಪಾ ಗಾಡಿ" ಅಂದಳು ಕೊನೆಗೆ. ಅವನು ತಲೆಯಾಡಿಸಿ, ಗೋಡೆಯ ಅಂಚಿನಲ್ಲೇ ಸರಿದುಹೋದ.

ಗಂಡನ ಮುಷ್ಟಿ ಸಡಿಲಾಯಿತು. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ್ದನ್ನು ಅವನು ನೋಡಿದ.

"ಹೋಗಬೇಕಾ?" ಅಂತ ತಗ್ಗಿದ ದನಿಯಲ್ಲಿ ಕೇಳಿದ.

ಅವಳ ಕೆನ್ನೆ ಸುಟ್ಟಿತು. ಹೂಂ ಅಂತ ತಲೆ ಅಲ್ಲಾಡಿಸಿದಳೋ ಇಲ್ಲವೋ ಅನ್ನುವಷ್ಟು ಅಲ್ಲಾಡಿಸಿದಳು.

ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿತ್ತು. ಅವನು ಗುಮಾಸ್ತರು ಕೂರುವ ಕೋಣೆಯ ಬಾಗಿಲಲ್ಲಿ ನಿಂತು, ಎರಡು ಸಲ ಗಂಟಲು ಸರಿಮಾಡಿಕೊಂಡು, "ಲೇಡೀಸ್ ಟಾಯ್ಲೆಟ್ ಕೀ ಕೊಡ್ತೀರಾ? ನಮ್ಮನೆಯವರಿಗೆ ಬೇಕು" ಅಂದ. ಒಳಗಿನವರೆಲ್ಲ ತಲೆಯೆತ್ತಿ ಅವನನ್ನು ನೋಡಿದರು, ಆಮೇಲೆ ಅವನ ಹಿಂದಕ್ಕೆ ನೋಡಿದರು. ಅವಳು ದೂರದ ಕಂಬದ ಪಕ್ಕ, ಅವನಿಗೂ ತನಗೂ ಸಂಬಂಧವೇ ಇಲ್ಲದವಳ ಹಾಗೆ ನೋಟಿಸ್ ಬೋರ್ಡು ಓದುತ್ತಾ ನಿಂತಿದ್ದಳು. ಕುತ್ತಿಗೆಯವರೆಗೂ ಕೆಂಪಾಗಿದ್ದ ಅವನು, ಮರದ ತುಂಡಿಗೆ ಕಟ್ಟಿದ್ದ ಕೀಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಮೊಗಸಾಲೆಯ ಉದ್ದಕ್ಕೂ ಅವಳ ಕಡೆ ನಡೆದುಬಂದ. ಅವಳು ಅವನ ಮುಖ ನೋಡಲಿಲ್ಲ. ಕೀಲಿ ತಗೊಂಡು ಬೇಗ ಬೇಗ ಹೋದಳು.